ಪ್ರನಾಳ ಶಿಶುವಿನ ಶಿಲ್ಪಿ ಡಾ. ಸುಭಾಷ್ ಮುಖರ್ಜಿ: ಕಲ್ಕತ್ತಾದ ಅಪಮಾನಕ್ಕೆ ಬೆಂಗಳೂರಿನಲ್ಲಿ ಉತ್ತರ

ಕೆಜಿಎಫ್: ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆ ತಲುಪುವಷ್ಟರಲ್ಲಿ ಬೋಗಿಗಳು ಕಿಕ್ಕಿರಿದು ತುಂಬಿರುತ್ತವೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ದುಡಿಯುವ ಕೈಗಳು ಬೆಂಗಳೂರನ್ನೇ ನೆಚ್ಚಿಕೊಂಡಿವೆ. ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ಗಣಿ ಕಂಪನಿಯ ಆಸ್ಪತ್ರೆಯೂ ಗಣಿಯೊಡನೆ ಸೊರಗಿದ್ದರಿಂದ, ದೊಡ್ಡ ಚಿಕಿತ್ಸೆಗಳಿಗೂ ಅದೇ ರೈಲು ಹತ್ತಬೇಕು. ಮಕ್ಕಳಾಗದ ಕೊರಗು ಹೊತ್ತ ದಂಪತಿಗಳೂ ಈ ಪ್ರಯಾಣಿಕರಲ್ಲಿ ಸೇರಿದ್ದಾರೆ. ಊರಿನಲ್ಲಿ ಯಾರಿಗೂ ತಿಳಿಯದಂತೆ ಹೋಗಿ, ಸಂಜೆ ಯಾರಿಗೂ ತಿಳಿಯದಂತೆ ಮರಳುವವರೇ ಅವರಲ್ಲಿ ಹೆಚ್ಚು.

ಇಂಥ ದಂಪತಿಗಳ ಕೈಯಲ್ಲಿರುವ ಕಡತವನ್ನು ತೆರೆದರೆ ಮೂರು ಸಂಗತಿಗಳು ಕಾಣುತ್ತವೆ. ಅಂಡಾಶಯವನ್ನು ಪ್ರಚೋದಿಸಲು ನೀಡಿದ ಹಾರ್ಮೋನು ಚುಚ್ಚುಮದ್ದುಗಳ ದಿನಾಂಕ. ಯೋನಿಮಾರ್ಗದ ಮೂಲಕ ಹೊರತೆಗೆದ ಅಂಡಾಣುಗಳ ಸಂಖ್ಯೆ. ಹೆಪ್ಪುಗಟ್ಟಿಸಿ ಇರಿಸಿ ಮುಂದಿನ ಋತುಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಲಿರುವ ಭ್ರೂಣಗಳ ಲೆಕ್ಕ. ಇಂದು ನಿತ್ಯದ ಕ್ರಮವಾಗಿರುವ ಈ ಮೂರನ್ನೂ ಒಂದೇ ಚಿಕಿತ್ಸೆಯಲ್ಲಿ ಜೋಡಿಸಿ ಮಗುವೊಂದರ ಜನನಕ್ಕೆ ಕಾರಣರಾದವರು ಕಲ್ಕತ್ತಾದ ವೈದ್ಯ ಡಾ. ಸುಭಾಷ್ ಮುಖರ್ಜಿ. ಅದು 1978ರ ಮಾತು. ಆ ಸಾಧನೆಗೆ ಅವರು ತೆತ್ತ ಬೆಲೆ ಅವರ ಪ್ರಾಣ. ಅವರ ಮಾತು ಸತ್ಯವೆಂದು ದೇಶಕ್ಕೆ ತಿಳಿದದ್ದು 16 ವರ್ಷಗಳ ನಂತರ, ಬೆಂಗಳೂರಿನಲ್ಲಿ ನೆಲೆಸಿದ್ದ ಮತ್ತೊಬ್ಬ ವಿಜ್ಞಾನಿಯ ಲೇಖನಿಯಿಂದ.

ಹಜಾರಿಬಾಗ್‌ನಿಂದ ಎಡಿನ್‌ಬರೋಗೆ

ಸುಭಾಷ್ ಮುಖರ್ಜಿ ಜನಿಸಿದ್ದು 1931ರ ಜನವರಿ 16ರಂದು, ಅಂದಿನ ಬಿಹಾರಕ್ಕೆ ಸೇರಿದ್ದ ಹಜಾರಿಬಾಗ್‌ನಲ್ಲಿ. ತಂದೆಯೂ ವೈದ್ಯರು. ಕಲ್ಕತ್ತಾ ನ್ಯಾಷನಲ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯ ಪದವಿ ಪಡೆದ ಸುಭಾಷ್, ಖಾಸಗಿ ವೃತ್ತಿಗಿಳಿದು ಹಣ ಗಳಿಸುವ ಹಾದಿಯನ್ನು ಬಿಟ್ಟು ಶರೀರಕ್ರಿಯಾಶಾಸ್ತ್ರದತ್ತ ಹೊರಳಿದರು. 1958ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. ಸಂತಾನೋತ್ಪತ್ತಿಯ ಶರೀರಕ್ರಿಯೆ ಅವರು ಆರಿಸಿಕೊಂಡ ವಿಷಯ. 1960ರಲ್ಲಿ ಶಿಕ್ಷಕಿ ನಮಿತಾ ಅವರೊಡನೆ ವಿವಾಹವಾಯಿತು.

ಬಳಿಕ ಸ್ಕಾಟ್ಲೆಂಡಿನ ಎಡಿನ್‌ಬರೋ. ಅಲ್ಲಿ ಜಾನ್ ಲೊರೇನ್ ಅವರ ಮಾರ್ಗದರ್ಶನದಲ್ಲಿ ಸಂತಾನೋತ್ಪತ್ತಿಯ ಹಾರ್ಮೋನುಗಳನ್ನು ಕುರಿತು ಅಧ್ಯಯನ ನಡೆಸಿ, 1967ರಲ್ಲಿ ಎರಡನೆಯ ಡಾಕ್ಟರೇಟ್ ಗಳಿಸಿದರು. ಯಾವ ಹಾರ್ಮೋನು ಎಷ್ಟು ಪ್ರಮಾಣದಲ್ಲಿ, ಯಾವ ದಿನ ಸ್ರವಿಸುತ್ತದೆಂದು ಅಳೆಯುವ ವಿದ್ಯೆ ಅಲ್ಲಿ ಅವರಿಗೆ ಕರಗತವಾಯಿತು. ವಿದೇಶದಲ್ಲೇ ಉಳಿಯಬಹುದಾಗಿದ್ದ ಅವರು ಅದೇ ವರ್ಷ ತಾಯ್ನಾಡಿಗೆ ಮರಳಿ, ಕಲ್ಕತ್ತಾದ ಎನ್‌ಆರ್‌ಎಸ್ ಮೆಡಿಕಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಸರ್ಕಾರಿ ನೌಕರನೆಂಬ ಈ ಸ್ಥಾನವೇ ಮುಂದೆ ಅವರನ್ನು ಕಟ್ಟಿಹಾಕುವ ಹಗ್ಗವಾಗಲಿತ್ತು.

ಅಂಡನಾಳ ಮುಚ್ಚಿಹೋದ ಸ್ತ್ರೀಯರಿಗೆ ಆ ಕಾಲದಲ್ಲಿ ತಾಯ್ತನದ ಆಸೆ ಬಹುಮಟ್ಟಿಗೆ ಕೈಗೂಡದ ಮಾತು. ಅಂಡಾಣುವೂ ವೀರ್ಯಾಣುವೂ ಸಂಧಿಸುವ ದಾರಿಯೇ ಅವರಲ್ಲಿ ಇಲ್ಲವಾಗಿರುತ್ತದೆ. ಅಂಡಾಣುವನ್ನು ಹೊರತೆಗೆದು ಗಾಜಿನ ತಟ್ಟೆಯಲ್ಲಿ ಫಲಿತಗೊಳಿಸಿ ಮರಳಿ ಗರ್ಭಕೋಶಕ್ಕೆ ಸೇರಿಸಿದರೆ ಹೇಗೆ ಎಂಬ ಆಲೋಚನೆ ಇಂಗ್ಲೆಂಡಿನಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೋ ಅವರನ್ನು ಹಿಡಿದಿದ್ದಂತೆಯೇ ಕಲ್ಕತ್ತಾದಲ್ಲಿ ಸುಭಾಷ್ ಅವರನ್ನೂ ಹಿಡಿದಿತ್ತು. ಅವರ ಜತೆಗೂಡಿದವರು ಇಬ್ಬರು. ಜಾದವಪುರ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನ ವಿಭಾಗದಲ್ಲಿದ್ದ, ಶೈತ್ಯವಿಜ್ಞಾನ ಬಲ್ಲ ಸುನೀತ್ ಮುಖರ್ಜಿ. ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ. ಆಹಾರ ಕೆಡದಂತೆ ಕಾಪಾಡುವ ಶಾಸ್ತ್ರದವರಿಗೆ ಮಾನವ ಭ್ರೂಣದ ಬಳಿ ಏನು ಕೆಲಸವೆಂದು ಅಂದು ಹಲವರು ಹುಬ್ಬೇರಿಸಿರಬಹುದು.

ಬೇರೆಯದೇ ಹಾದಿ

ಇಂಗ್ಲೆಂಡಿನ ಜೋಡಿ ಅನುಸರಿಸಿದ ಮಾರ್ಗ ಒಂದು, ಸುಭಾಷ್ ಹಿಡಿದದ್ದು ಇನ್ನೊಂದು. ಸ್ತ್ರೀಯ ಸಹಜ ಋತುಚಕ್ರದಲ್ಲಿ ಪಕ್ವವಾಗುವ ಒಂದೇ ಒಂದು ಅಂಡಾಣುವಿಗಾಗಿ ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಕಾದರು. ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಲ್ಯಾಪರೋಸ್ಕೋಪ್ ಮೂಲಕ ಅದನ್ನು ಹೀರಿಕೊಂಡರು. ಸುಭಾಷ್ ಬಳಿ ಅಂಥ ಸೌಕರ್ಯವಿರಲಿಲ್ಲ. ಆದರೆ ಹಾರ್ಮೋನುಗಳ ಬಗೆಗೆ ಆಳವಾದ ಜ್ಞಾನವಿತ್ತು. ಋತುಬಂಧವಾದ ಮಹಿಳೆಯರ ಮೂತ್ರದಿಂದ ಸಂಸ್ಕರಿಸಿ ತೆಗೆಯುವ ಹಾರ್ಮೋನನ್ನು ನೀಡಿ ಒಂದೇ ಚಕ್ರದಲ್ಲಿ ಹಲವು ಅಂಡಾಣುಗಳು ಬೆಳೆಯುವಂತೆ ಮಾಡಿದರು. ಯೋನಿಮಾರ್ಗದಲ್ಲಿ ಚಿಕ್ಕ ಶಸ್ತ್ರಕ್ರಿಯೆ ಮಾಡಿ ಅವುಗಳನ್ನು ಪಡೆದರು.

ಹಾರ್ಮೋನು ಕೊಟ್ಟು ಅಂಡಾಶಯವನ್ನು ಉದ್ದೀಪಿಸಿದ ತಿಂಗಳಲ್ಲಿ ಗರ್ಭಕೋಶದ ಒಳಪದರ ಭ್ರೂಣವನ್ನು ಸ್ವೀಕರಿಸಲು ಸಜ್ಜಾಗಿರುವುದಿಲ್ಲವೆಂಬುದು ಅವರ ಎಣಿಕೆ. ಹಾಗಾದರೆ ಭ್ರೂಣವನ್ನು ಮುಂದಿನ ಸಹಜ ಚಕ್ರದವರೆಗೆ ಕಾಯಿಸಬೇಕು. ಕಾಯಿಸುವುದೆಲ್ಲಿ? ಇಲ್ಲಿ ಸುನೀತ್ ಮುಖರ್ಜಿಯವರ ವಿದ್ಯೆ ನೆರವಿಗೆ ಬಂತು. ನೀರು ಹೆಪ್ಪುಗಟ್ಟುವಾಗ ಹುಟ್ಟುವ ಹರಳುಗಳು ಜೀವಕೋಶವನ್ನು ಸೀಳಿಬಿಡುತ್ತವೆ. ಅದನ್ನು ತಡೆಯಲು ಡೈಮಿಥೈಲ್ ಸಲ್ಫಾಕ್ಸೈಡ್ ಎಂಬ ರಾಸಾಯನಿಕವನ್ನು ಬಳಸಿ ಭ್ರೂಣಗಳನ್ನು ಹೆಪ್ಪುಗಟ್ಟಿಸಿ, ದ್ರವ ಸಾರಜನಕದಲ್ಲಿ ಇರಿಸಲಾಯಿತು. 53 ದಿನಗಳ ಬಳಿಕ ಕರಗಿಸಿ ತಾಯಿಯ ಗರ್ಭಕೋಶಕ್ಕೆ ಸೇರಿಸಲಾಯಿತು.

ದ್ರವ ಸಾರಜನಕವೆಂದರೆ ಕೋಲಾರ ಜಿಲ್ಲೆಯವರಿಗೆ ಅಪರಿಚಿತ ವಸ್ತುವೇನೂ ಅಲ್ಲ. ಹಾಲಿನ ಡೇರಿಗಳ ಈ ನಾಡಿನಲ್ಲಿ ಸೀಮೆಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸಲು ಹೋರಿಯ ವೀರ್ಯದ ಪುಟ್ಟ ನಳಿಕೆಗಳನ್ನು ಹೊತ್ತು ತರುವ ಕ್ಯಾನಿನಲ್ಲಿರುವುದು ಅದೇ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ಆ ದ್ರವಕ್ಕೆ ವಿದ್ಯುತ್ತಿನ ಹಂಗಿಲ್ಲ. ಆವಿಯಾದಷ್ಟನ್ನು ಮತ್ತೆ ತುಂಬುತ್ತಿದ್ದರೆ ಸಾಕು. ಬಂಗಾರಪೇಟೆ ತಾಲ್ಲೂಕಿನ ಹೈನುಗಾರನಿಗೆ ತಿಳಿದಿರುವ ಈ ಸರಳ ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಏಕೆಂದರೆ ಪದೇ ಪದೇ ವಿದ್ಯುತ್ ಕೈಕೊಡುವ ಕಲ್ಕತ್ತಾದಲ್ಲಿ ಭ್ರೂಣವನ್ನು ಕಾಪಾಡಿದ್ದಾದರೂ ಹೇಗೆ ಎಂಬುದೇ ಮುಂದೆ ಸುಭಾಷ್ ವಿರುದ್ಧದ ದೊಡ್ಡ ಆಕ್ಷೇಪಗಳಲ್ಲಿ ಒಂದಾಯಿತು.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ವಿಶ್ವದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಜನಿಸಿದಳು. ಹತ್ತು ವಾರಗಳ ನಂತರ, ಅಕ್ಟೋಬರ್ 3ರಂದು, ಕಲ್ಕತ್ತಾದಲ್ಲಿ ಹೆಣ್ಣು ಮಗುವೊಂದು ಹುಟ್ಟಿತು. ದುರ್ಗಾಪೂಜೆಯ ಸಂಭ್ರಮದ ದಿನಗಳವು. ಮಗುವಿಗೆ ದುರ್ಗಾ ಎಂಬ ಹೆಸರೇ ಲೋಕದಲ್ಲಿ ಉಳಿಯಿತು. ಜಗತ್ತಿನ ಎರಡನೆಯ, ಭಾರತದ ಮೊದಲ ಪ್ರನಾಳ ಶಿಶು. ಹೆಪ್ಪುಗಟ್ಟಿಸಿದ ಭ್ರೂಣದಿಂದ ಹುಟ್ಟಿದ ಪ್ರಪಂಚದ ಮೊದಲ ಮಗು. ಹೆಪ್ಪುಗಟ್ಟಿಸಿದ ಭ್ರೂಣದಿಂದ ಗರ್ಭ ನಿಂತ ವರದಿ ಆಸ್ಟ್ರೇಲಿಯಾದಿಂದ ಹೊರಬಿದ್ದದ್ದು ಅದಾಗಿ ಐದು ವರ್ಷಗಳ ಮೇಲೆ, 1983ರಲ್ಲಿ.

ಸಮಿತಿಯ ತೀರ್ಪು

ಅಕ್ಟೋಬರ್ 19ರಂದು ಸುಭಾಷ್ ತಮ್ಮ ಪ್ರಯೋಗದ ವಿವರಗಳನ್ನು ಪಶ್ಚಿಮ ಬಂಗಾಳದ ಆರೋಗ್ಯ ಸೇವೆಗಳ ನಿರ್ದೇಶಕರಿಗೆ ಸಲ್ಲಿಸಿದರು. ಅಷ್ಟರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಹಬ್ಬಿತ್ತು. ಅಭಿನಂದನೆಯ ಬದಲು ಬಂದದ್ದು ವಿಚಾರಣೆ. ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಅದರ ಅಧ್ಯಕ್ಷರು ರೇಡಿಯೋ ಭೌತಶಾಸ್ತ್ರಜ್ಞರು! ಸದಸ್ಯರಲ್ಲಿ ಸ್ತ್ರೀರೋಗ ತಜ್ಞರೂ ಶರೀರಕ್ರಿಯಾ ತಜ್ಞರೂ ಇದ್ದರಾದರೂ, ಪ್ರನಾಳದಲ್ಲಿ ಭ್ರೂಣ ಬೆಳೆಸಿದ ಅನುಭವ ಯಾರಿಗೂ ಇರಲಿಲ್ಲ. ಆ ಕಾಲಕ್ಕೆ ದೇಶದಲ್ಲೇ ಅಂಥವರು ಬೇರೆ ಯಾರಿದ್ದರು ಎಂಬುದೂ ನಿಜವೇ.

ಸಂಶಯ ಪಡುವುದು ವಿಜ್ಞಾನದಲ್ಲಿ ತಪ್ಪಲ್ಲ. ಸುಭಾಷ್ ಅವರ ಪಕ್ಷದಲ್ಲೂ ಒಂದು ತೊಡಕಿತ್ತು. ಮಗುವಿನ ಪೋಷಕರು ಸಂಪ್ರದಾಯಸ್ಥ ಮನೆತನದವರು. ಮಗು ಹುಟ್ಟಿದ ಬಗೆ ಬಹಿರಂಗವಾದರೆ ಸಮಾಜ ಏನೆಂದೀತೋ ಎಂಬ ಅಂಜಿಕೆ ಅವರದು. ಮುಂದೆ ಬಂದು ಸಾಕ್ಷಿ ಹೇಳಲು ಅವರು ಸಿದ್ಧರಿರಲಿಲ್ಲ. ಅವರಿಗೆ ಕೊಟ್ಟ ಮಾತನ್ನು ವೈದ್ಯರು ಮುರಿಯಲಿಲ್ಲ. ಕೈಯಲ್ಲಿದ್ದ ಬಲವಾದ ಸಾಕ್ಷ್ಯವನ್ನೇ ಹೀಗೆ ಬಿಟ್ಟುಕೊಟ್ಟವರನ್ನು ಸಮಿತಿ ಸುಳ್ಳುಗಾರನೆಂದು ಬಗೆಯಿತು. ಸಾಧನೆಯ ಹೇಳಿಕೆ ನಂಬಲರ್ಹವಲ್ಲವೆಂದು ತೀರ್ಪಿತ್ತಿತು.

ತೀರ್ಪಿಗಿಂತ ಘೋರವಾದದ್ದು ನಂತರದ ನಡವಳಿಕೆ. 1979ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಿಂದ ಸುಭಾಷ್ ಅವರಿಗೆ ಆಹ್ವಾನ ಬಂತು. ವಿಷಯ ಬಲ್ಲವರ ಎದುರು ತಮ್ಮ ಪ್ರಯೋಗವನ್ನು ಮಂಡಿಸಲು ದೊರೆತ ಸುವರ್ಣಾವಕಾಶ ಅದು. ಸರ್ಕಾರ ಅನುಮತಿ ನಿರಾಕರಿಸಿತು. ಶೈತ್ಯವಿಜ್ಞಾನದ ಭಾರತೀಯ ಪತ್ರಿಕೆಯೊಂದರಲ್ಲಿ 1978ರಲ್ಲಿ ಪ್ರಕಟವಾದ ಪುಟ್ಟ ಟಿಪ್ಪಣಿಯೇ ಅವರ ಕೆಲಸಕ್ಕೆ ಮುದ್ರಣದಲ್ಲಿ ಉಳಿದ ಆಧಾರ. ಸ್ತ್ರೀರೋಗ ತಜ್ಞರಾಗಲಿ ವಿದೇಶದ ಸಂಶೋಧಕರಾಗಲಿ ಸಾಮಾನ್ಯವಾಗಿ ತೆರೆದು ನೋಡುವ ಪತ್ರಿಕೆ ಅದಲ್ಲ.

ಈ ಸಂದರ್ಭದಲ್ಲಿ ಕೆಜಿಎಫ್‌ನ ಮತ್ತೊಂದು ಚರಿತ್ರೆ ನೆನಪಾಗದಿರದು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಹೋದ್ಯೋಗಿಗಳೊಡನೆ ವಾತಾವರಣದಿಂದ ಬರುವ ನ್ಯೂಟ್ರಿನೊ ಕಣಗಳ ಕುರುಹು ಹಿಡಿದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಅಮೆರಿಕದ ತಂಡವೂ ಅದೇ ಹುಡುಕಾಟದಲ್ಲಿತ್ತು. ಅವರಿಗೆ ಕುರುಹು ಸಿಕ್ಕಿದ್ದು ತುಸು ಮೊದಲೇ ಆದರೂ, ಪ್ರಬಂಧ ಮೊದಲು ಅಚ್ಚಾದದ್ದು ಕೋಲಾರದವರದು. ಎರಡೂ ಹೊರಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ, ಕೆಲವೇ ದಿನಗಳ ಅಂತರದಲ್ಲಿ. ಆ ಕೆಲವು ದಿನಗಳಿಂದ ಕೆಜಿಎಫ್ ಹೆಸರು ಭೌತವಿಜ್ಞಾನದ ಇತಿಹಾಸದಲ್ಲಿ ಉಳಿಯಿತು. ಕಂಡದ್ದನ್ನು ಬರೆದು ಅಚ್ಚು ಹಾಕಿಸಲು ಗಣಿಯೊಳಗಿನ ವಿಜ್ಞಾನಿಗಳಿಗೆ ಯಾರೂ ಅಡ್ಡಿ ಬರಲಿಲ್ಲ. ಕಲ್ಕತ್ತಾದ ವೈದ್ಯರಿಗೆ ಆ ಭಾಗ್ಯವಿರಲಿಲ್ಲ.

ವರ್ಗಾವಣೆ, ಹೃದಯಾಘಾತ, ಅಂತ್ಯ

ಕಲ್ಕತ್ತಾದಿಂದ ದೂರದ ಬಾಂಕುರಾ ವೈದ್ಯಕೀಯ ಕಾಲೇಜಿನಲ್ಲೂ ಸುಭಾಷ್ ದುಡಿಯಬೇಕಾಯಿತು. ಪ್ರಯೋಗಾಲಯದಿಂದ ದೂರವಾದ ಸಂಶೋಧಕನ ಪಾಡು ನೀರಿನಿಂದ ಹೊರಬಿದ್ದ ಮೀನಿನದು. ಸಹೋದ್ಯೋಗಿಗಳ ಕುಹಕ, ಅಧಿಕಾರಿಗಳ ಉದಾಸೀನ ಎರಡೂ ಅವರನ್ನು ಹಣ್ಣು ಮಾಡಿದವು. 1980ರಲ್ಲಿ ಹೃದಯಾಘಾತವಾಯಿತು. ಅನಾರೋಗ್ಯದ ಕಾರಣ ಕಲ್ಕತ್ತಾದ ಆರ್‌.ಜಿ. ಕರ್ ಕಾಲೇಜಿಗೆ ಬಂದರಾದರೂ ಅಲ್ಲಿ ಬಹುಕಾಲ ಉಳಿಯಗೊಡಲಿಲ್ಲ. 1981ರ ಜೂನ್ ತಿಂಗಳ ಮೊದಲ ವಾರದಲ್ಲಿ ಹೊರಟ ಆದೇಶ ಅವರನ್ನು ನೇತ್ರ ವಿಜ್ಞಾನ ಸಂಸ್ಥೆಗೆ ವರ್ಗಾಯಿಸಿತು. ಸಂತಾನೋತ್ಪತ್ತಿಯ ಹಾರ್ಮೋನುಗಳಿಗೇ ಜೀವಮಾನವನ್ನು ಮುಡಿಪಿಟ್ಟಿದ್ದ ವಿದ್ವಾಂಸನಿಗೆ ಕಣ್ಣಿನ ಆಸ್ಪತ್ರೆಯಲ್ಲಿ ಹುದ್ದೆ!

ಜೂನ್ 19ರಂದು ಡಾ. ಸುಭಾಷ್ ಮುಖರ್ಜಿ ಕಲ್ಕತ್ತಾದ ತಮ್ಮ ಮನೆಯಲ್ಲಿ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ಆಗ ಅವರಿಗೆ 50 ವರ್ಷ. ದುರ್ಗಾಗೆ ಇನ್ನೂ ಮೂರು ತುಂಬಿರಲಿಲ್ಲ.

ಅವರ ಬದುಕಿನ ನೆರಳು ರಮಾಪದ ಚೌಧುರಿಯವರ ಬಂಗಾಳಿ ಕಾದಂಬರಿ ‘ಅಭಿಮನ್ಯು’ವಿನಲ್ಲಿದೆ. ಅದನ್ನು ಆಧರಿಸಿ ತಪನ್ ಸಿನ್ಹಾ ನಿರ್ದೇಶಿಸಿದ ‘ಏಕ್ ಡಾಕ್ಟರ್ ಕೀ ಮೌತ್’ ಹಿಂದಿ ಚಿತ್ರವನ್ನು ಅನೇಕ ಕನ್ನಡಿಗರೂ ನೋಡಿದ್ದಾರೆ. ಪಂಕಜ್ ಕಪೂರ್ ನಟಿಸಿದ ಆ ಪಾತ್ರ ಕುಷ್ಠರೋಗಕ್ಕೆ ಲಸಿಕೆ ಕಂಡುಹಿಡಿಯುವ ವೈದ್ಯನದಾದ್ದರಿಂದ, ಅದರ ಹಿಂದಿರುವುದು ಪ್ರನಾಳ ಶಿಶುವಿನ ಕಥೆಯೆಂದು ಬಹಳ ಮಂದಿಗೆ ತಿಳಿಯಲಿಲ್ಲ.

ತನ್ನ ಕಿರೀಟ ತಾನೇ ಕಳಚಿದ ವಿಜ್ಞಾನಿ

ಅತ್ತ ಮುಂಬಯಿಯಲ್ಲಿ 1986ರ ಆಗಸ್ಟ್ 6ರಂದು ಕೆಇಎಂ ಆಸ್ಪತ್ರೆಯಲ್ಲಿ ಹರ್ಷಾ ಎಂಬ ಹೆಣ್ಣು ಮಗು ಜನಿಸಿತು. ಭಾರತದ ಮೊದಲ ಪ್ರನಾಳ ಶಿಶುವೆಂದು ದೇಶ ಸಂಭ್ರಮಿಸಿತು. ಆ ಸಾಧನೆಯ ಹಿಂದಿದ್ದವರು ಸ್ತ್ರೀರೋಗ ತಜ್ಞೆ ಡಾ. ಇಂದಿರಾ ಹಿಂದುಜಾ ಮತ್ತು ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕ ಡಾ. ಟಿ.ಸಿ. ಆನಂದ ಕುಮಾರ್. ಅವರ ದಾಖಲೆಗಳು ಅಚ್ಚುಕಟ್ಟಾಗಿದ್ದವು, ಪ್ರಬಂಧ ಪ್ರಕಟವಾಗಿತ್ತು. ಕಲ್ಕತ್ತಾದ ಹಳೆಯ ಪ್ರಕರಣವನ್ನು ಆಗ ಯಾರೂ ಕೆದಕಲು ಹೋಗಲಿಲ್ಲ.

ನಿರ್ದೇಶಕ ಹುದ್ದೆಯಿಂದ ಹೊರಬಂದ ಬಳಿಕ ಆನಂದ ಕುಮಾರ್ ಬೆಂಗಳೂರಿಗೆ ಬಂದು ‘ಹೋಪ್’ ಎಂಬ ಬಂಜೆತನ ಚಿಕಿತ್ಸಾಲಯವನ್ನು ಸ್ಥಾಪಿಸಿದರು. 1997ರಲ್ಲಿ ಸಮ್ಮೇಳನವೊಂದಕ್ಕಾಗಿ ಕಲ್ಕತ್ತಾಕ್ಕೆ ತೆರಳಿದಾಗ ಸುಭಾಷ್ ಮುಖರ್ಜಿಯವರ ಕಾಗದಪತ್ರಗಳು ಅವರ ಕೈಸೇರಿದವು. ನಮಿತಾ ಮತ್ತು ಸುನೀತ್ ಅಷ್ಟೂ ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ ಕೈಬರಹದ ಟಿಪ್ಪಣಿಗಳು, ಸರ್ಕಾರಕ್ಕೆ ಸಲ್ಲಿಸಿದ್ದ ವರದಿ, ಪತ್ರ ವ್ಯವಹಾರ ಎಲ್ಲವೂ ಅದರಲ್ಲಿದ್ದವು.

ಆ ಕಾಗದಗಳನ್ನು ಓದಿ ಬದಿಗಿರಿಸಿದ್ದರೆ ಕೇಳುವವರಾರೂ ಇರಲಿಲ್ಲ. ಭಾರತದ ಮೊದಲ ಪ್ರನಾಳ ಶಿಶುವಿನ ವಿಜ್ಞಾನಿಯೆಂಬ ಬಿರುದು ಸ್ವತಃ ಆನಂದ ಕುಮಾರ್ ಅವರದೇ ಆಗಿತ್ತು. ಆದರೆ ವಿಷಯ ಬಲ್ಲವರ ಕಣ್ಣಿಗೆ ಆ ಬರಹಗಳಲ್ಲಿ ಸತ್ಯ ನಿಚ್ಚಳವಾಗಿ ಕಂಡಿತು. ಹಾರ್ಮೋನಿನ ಬಳಕೆ, ಅಂಡಾಣು ಪಡೆದ ಕ್ರಮ, ಹೆಪ್ಪುಗಟ್ಟಿಸಿದ ವಿಧಾನ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿದ್ದವು. 1978ರ ಸಮಿತಿಗೆ ಅಸಂಭವವೆನಿಸಿದ್ದ ಅದೇ ಕ್ರಮಗಳು 1997ರ ವೇಳೆಗೆ ಜಗತ್ತಿನ ಚಿಕಿತ್ಸಾಲಯಗಳಲ್ಲಿ ರೂಢಿಯಾಗಿದ್ದವು. 1997ರ ಏಪ್ರಿಲ್‌ನಲ್ಲಿ, ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಆನಂದ ಕುಮಾರ್ ಲೇಖನ ಬರೆದರು. ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ತಾವಲ್ಲ, ಸುಭಾಷ್ ಮುಖರ್ಜಿ ಎಂದು ಅದರಲ್ಲಿ ಸಾರಿದರು. ತಾನು ಧರಿಸಿದ್ದ ಕಿರೀಟವನ್ನು ತಾನೇ ತೆಗೆದು, ಸತ್ತು 16 ವರ್ಷಗಳಾಗಿದ್ದ ಮತ್ತೊಬ್ಬನ ತಲೆಗಿಟ್ಟ ಇಂಥ ನಿದರ್ಶನ ವಿಜ್ಞಾನ ಕ್ಷೇತ್ರದಲ್ಲಿ ವಿರಳ.

ಮುಂದಿನದು ನಿಧಾನವಾಗಿ ನಡೆಯಿತು. 2003ರ ಅಕ್ಟೋಬರ್‌ನಲ್ಲಿ, 25 ತುಂಬಿದ ವೇಳೆ, ದುರ್ಗಾ ಮೊದಲ ಬಾರಿಗೆ ಸಾರ್ವಜನಿಕರೆದುರು ಕಾಣಿಸಿಕೊಂಡು ತನ್ನ ಹುಟ್ಟಿಗೆ ಕಾರಣರಾದ ವೈದ್ಯರನ್ನು ಸ್ಮರಿಸಿದರು. ತಂದೆತಾಯಿಗೆ ಹೇಳಲಾಗದ ಮಾತನ್ನು ಮಗಳು ಹೇಳಿದ್ದಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2005ರಲ್ಲಿ ಹೊರತಂದ ಕೃತಕ ಸಂತಾನ ಚಿಕಿತ್ಸಾಲಯಗಳ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸುಭಾಷ್ ಅವರ ಕೆಲಸದ ಉಲ್ಲೇಖ ಬಂತು.

ಸಂತಾನ ಚಿಕಿತ್ಸಾ ಕ್ಷೇತ್ರಕ್ಕೆಂದೇ ಸಂಸತ್ತು 2021ರಲ್ಲಿ ಕಾಯ್ದೆ ಮಾಡಿತು. 2022ರ ಜನವರಿಯಲ್ಲಿ ಅದು ಜಾರಿಗೆ ಬಂತು. ಚಿಕಿತ್ಸಾಲಯಗಳ ನೋಂದಣಿ ಕಡ್ಡಾಯವಾಯಿತು. ಚಿಕಿತ್ಸೆ ಪಡೆಯುವ ಸ್ತ್ರೀಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷಗಳ ಮಿತಿ ನಿಗದಿಯಾಯಿತು. ಲಿಖಿತ ಒಪ್ಪಿಗೆ ಇಲ್ಲದೆ ಚಿಕಿತ್ಸೆ ನೀಡುವಂತಿಲ್ಲ, ದಾಖಲೆಗಳನ್ನು ಕನಿಷ್ಠ 10 ವರ್ಷ ಕಾಪಾಡಬೇಕು, ದಂಪತಿಗಳ ವಿವರ ಗೋಪ್ಯವಾಗಿರಬೇಕು. ದಾಖಲೆ ಮತ್ತು ಗೋಪ್ಯತೆ, 1978ರಲ್ಲಿ ಒಂದಕ್ಕೊಂದು ಎದುರಾಗಿ ನಿಂತು ವೈದ್ಯನೊಬ್ಬನನ್ನು ನುಂಗಿದ್ದ ಇವೆರಡೂ ಈಗ ಒಂದೇ ಕಾಯ್ದೆಯಲ್ಲಿ ಜತೆಯಾಗಿವೆ. ಬಂಗಾರಪೇಟೆಯಲ್ಲಿ ರೈಲು ಹತ್ತುವ ದಂಪತಿಗಳು ಇಂದಿಗೂ ಗುಟ್ಟು ಕಾಯುತ್ತಾರೆ. ಆದರೆ ಅವರ ಗುಟ್ಟಿಗಾಗಿ ಅವರ ವೈದ್ಯರು ಸುಳ್ಳುಗಾರರೆನಿಸಬೇಕಿಲ್ಲ.

ಆನಂದ ಕುಮಾರ್ 2010ರ ಜನವರಿಯಲ್ಲಿ ನಿಧನರಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಪ್ರನಾಳ ಶಿಶು ತಂತ್ರಕ್ಕಾಗಿ ರಾಬರ್ಟ್ ಎಡ್ವರ್ಡ್ಸ್ ಅವರಿಗೆ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಮೃತರಿಗೆ ನೊಬೆಲ್ ನೀಡುವ ಪದ್ಧತಿಯಿಲ್ಲವಾದ್ದರಿಂದ 1988ರಲ್ಲಿ ತೀರಿಕೊಂಡಿದ್ದ ಸ್ಟೆಪ್ಟೋ ಅವರಿಗೂ ಅದರಲ್ಲಿ ಪಾಲು ಸಿಗಲಿಲ್ಲ. ಎಡ್ವರ್ಡ್ಸ್ ಅವರಿಗೆ ಆಗ 85 ವರ್ಷ. ಸುಭಾಷ್ ಮುಖರ್ಜಿ ಬದುಕಿದ್ದಿದ್ದರೆ ಅವರಿಗೆ 79.